ಸೋಲನ್ನು ಚೌಕಾಸಿ ಮಾಡಿದ ಪಾಷಾ: ಸುಲ್ತಾನನ ಕ್ರೈಸ್ತ ಮಂತ್ರಿಯ ಕಥೆ

ಟರ್ಕಿಯ ಐತಿಹಾಸಿಕ ಧಾರಾವಾಹಿಗಳು ಹಿಂದಿ, ಉರ್ದುವಿಗೆ ಡಬ್ ಆಗಿ ಮೊಬೈಲಿಗೆ ಬಂದ ಮೇಲೆ ಸುಲ್ತಾನ, ವಜೀರ, ಪಾಷಾ ಎಂಬ ಮಾತುಗಳು ನಮ್ಮ ಮನೆಯ ಊಟದ ಹೊತ್ತಿಗೂ ಬರತೊಡಗಿವೆ. ಮೊನ್ನೆ ಅಕ್ಕನ ಮಗ ಒಂದು ಹಳೆಯ ವರ್ಣಚಿತ್ರ ತೋರಿಸಿದ. ರಷ್ಯಾಕ್ಕೆ ಸೋತ ಟರ್ಕಿಯ ನೆಲದ ಲೆಕ್ಕ ಮುಗಿಸಲು ಯುರೋಪಿನ ರಾಜ್ಯಗಳು ಸೇರಿದ್ದ 1878ರ ಬರ್ಲಿನ್ ಸಮ್ಮೇಳನವನ್ನು ಆಂಟನ್ ಫಾನ್ ವೆರ್ನರ್ ಎಂಬ ಜರ್ಮನ್ ಕಲಾವಿದ ಚಿತ್ರಿಸಿದ್ದು. ನಡುವೆ ಆಳೆತ್ತರದ ಬಿಸ್ಮಾರ್ಕ್ ರಷ್ಯಾದವನ ಕೈ ಕುಲುಕುತ್ತಿದ್ದಾನೆ. ಬಲತುದಿಯಲ್ಲಿ ಕೆಂಪು ಟೋಪಿ ತೊಟ್ಟ ಟರ್ಕಿಯ ಪ್ರತಿನಿಧಿಗಳು, ಕರೆಯದೆ ಬಂದ ನೆಂಟರಂತೆ. "ಇವರಲ್ಲಿ ಒಬ್ಬ ಕ್ರೈಸ್ತನಂತೆ, ಹೌದಾ ಮಾಮ?" ಎಂದು ಕೇಳಿದ.

ಹೌದು. ಕ್ರೈಸ್ತನಷ್ಟೇ ಅಲ್ಲ, ಆ ನಿಯೋಗಕ್ಕೆ ಅವನೇ ಮುಖ್ಯಸ್ಥ. ಹೆಸರು ಅಲೆಕ್ಸಾಂಡರ್ ಕಾರಾಥಿಯೋಡೊರಿ ಪಾಷಾ. ಜಗತ್ತಿನ ಮುಸ್ಲಿಮರ ಖಲೀಫ ಎನಿಸಿಕೊಂಡ ಸುಲ್ತಾನನ ಪರವಾಗಿ, ಕ್ರೈಸ್ತ ರಾಜ್ಯಗಳ ಎದುರು ವಾದಿಸಲು ಹೋದವನು ಗ್ರೀಕ್ ಚರ್ಚಿನ ಅನುಯಾಯಿ. ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಬೇಕಾದರೆ ಬುಡದಿಂದಲೇ ಶುರುಮಾಡಬೇಕು.

ಪಾಷಾ, ರಯತ, ಮಿಲ್ಲೆತ್

ನಮ್ಮಲ್ಲಿ ಪಾಷಾ ಎಂದರೆ ಮುಸ್ಲಿಮರ ಹೆಸರು. ಟರ್ಕರ ಆಟೋಮನ್ ಸಾಮ್ರಾಜ್ಯದಲ್ಲಿ ಅದು ಪದವಿ. ಬ್ರಿಟಿಷರ ಕಾಲದಲ್ಲಿ ಇಲ್ಲಿ 'ರಾವ್ ಬಹದ್ದೂರ್' ಕೊಡುತ್ತಿದ್ದರಲ್ಲ, ಹಾಗೆ ಅಲ್ಲಿ ಸುಲ್ತಾನ ದೊಡ್ಡ ಸೇನಾಧಿಕಾರಿಗಳಿಗೆ, ಪ್ರಾಂತಾಧಿಪತಿಗಳಿಗೆ, ಮಂತ್ರಿಗಳಿಗೆ ಕೊಡುತ್ತಿದ್ದ. ಹೆಸರಿನ ಕೊನೆಗೆ ಸೇರುತ್ತಿತ್ತು, ಧರ್ಮಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಕನಿಷ್ಠ 19ನೇ ಶತಮಾನದ ನಡುವಿನ ಹೊತ್ತಿಗೆ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಇತಿಹಾಸ ಓದಿದವರಿಗೆಲ್ಲ 1453 ನೆನಪಿರುತ್ತದೆ: ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್, ಅಂದರೆ ಇವತ್ತಿನ ಇಸ್ತಾಂಬುಲ್, ವಶಪಡಿಸಿಕೊಂಡ ವರ್ಷ. ನಮ್ಮ ಪಠ್ಯ ಅಲ್ಲಿಂದ ನೇರ ವಾಸ್ಕೋ ಡ ಗಾಮನ ಹಡಗು ಹತ್ತಿಬಿಡುತ್ತದೆ. ಆ ಊರಿನಲ್ಲಿದ್ದ ಗ್ರೀಕರು ಏನಾದರು ಎಂದು ನಾವು ಕೇಳುವುದಿಲ್ಲ. ಅವರಲ್ಲಿ ಅನೇಕರು ಅಲ್ಲೇ ಉಳಿದರು, ಬೇರೆ ಊರುಗಳಿಂದಲೂ ಗ್ರೀಕರನ್ನು ತಂದು ನೆಲೆಗೊಳಿಸಲಾಯಿತು. ಒಂದೊಂದು ಧರ್ಮದವರದು ಒಂದೊಂದು 'ಮಿಲ್ಲೆತ್', ಅಂದರೆ ಸಮುದಾಯ. ಆರ್ಥೊಡಾಕ್ಸ್ ಕ್ರೈಸ್ತರ ಮದುವೆ, ಆಸ್ತಿ, ಶಾಲೆ, ಚರ್ಚಿನ ವ್ಯವಹಾರವನ್ನೆಲ್ಲ ಅವರ ಪೇಟ್ರಿಯಾರ್ಕ್ ಎಂಬ ಧರ್ಮಗುರುವೇ ನೋಡಿಕೊಳ್ಳುತ್ತಿದ್ದ. ಬದಲಿಗೆ ವಿಶೇಷ ತೆರಿಗೆ ಕಟ್ಟಬೇಕು, ಕೋರ್ಟಿನಲ್ಲಿ ಮುಸ್ಲಿಮನ ಸಾಕ್ಷ್ಯಕ್ಕಿರುವ ತೂಕ ತನ್ನದಕ್ಕಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಬದುಕಲು ಅಡ್ಡಿಯಿಲ್ಲ, ಸಮಾನತೆ ಇಲ್ಲ.

ಇಂಥ ಪ್ರಜೆಗಳಿಗೆ ಆಟೋಮನ್ನರು 'ರೆಆಯಾ' ಎನ್ನುತ್ತಿದ್ದರು. ಅರಬ್ಬಿಯ ಅದೇ ಮೂಲದಿಂದ ನಮಗೆ ಬಂದ ಪದ 'ರಯತ', ಆಮೇಲೆ 'ರೈತ'. ಅಲ್ಲಿ ಅದು ಬರಬರುತ್ತ ತೆರಿಗೆ ಕಟ್ಟುವ ಕ್ರೈಸ್ತನಿಗೆ ಅಂಟಿಕೊಂಡಿತು, ಇಲ್ಲಿ ಹೊಲ ಉಳುವವನಿಗೆ.

ನಾಲಿಗೆಯಿಂದ ಬಂದ ಅಧಿಕಾರ

ಸಮಾನತೆ ಇಲ್ಲದವರು ಮಂತ್ರಿಯಾದದ್ದು ಹೇಗೆ? ಭಾಷೆಯಿಂದ.

ಯುರೋಪಿನ ರಾಜರೊಂದಿಗೆ ವ್ಯವಹರಿಸಲು ಸುಲ್ತಾನನಿಗೆ ಲ್ಯಾಟಿನ್, ಇಟಾಲಿಯನ್, ಫ್ರೆಂಚ್ ಬಲ್ಲವರು ಬೇಕು. ಮುಸ್ಲಿಂ ಅಧಿಕಾರಿಗಳಲ್ಲಿ ಆ ಭಾಷೆ ಕಲಿತವರು ಅಪರೂಪ. ಇಟಲಿಯ ಪಡುವಾಕ್ಕೆ ಹೋಗಿ ವೈದ್ಯಕೀಯ ಓದಿ ಬಂದ ಗ್ರೀಕರಿಗೆ ಆ ಭಾಷೆಗಳು ಸಲೀಸು. ಹೀಗೆ ಹುಟ್ಟಿದ ಹುದ್ದೆಯೇ 'ಡ್ರಾಗೊಮನ್'. ಹೆಸರು ವಿಚಿತ್ರವಾಗಿ ಕೇಳಿಸಬಹುದು. ಅದು 'ತರ್ಜುಮಾನ್' ಎಂಬ ಅರಬ್ಬಿ ಪದದ ಯುರೋಪಿಯನ್ ರೂಪ. ನಾವು ದಿನವೂ ಬಳಸುವ 'ತರ್ಜುಮೆ'ಯ ಬಂಧು. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ದುಭಾಷಿಗಳಿದ್ದ ಹಾಗೆ ಎನ್ನಿ. ಮಾತು ತಿರುಗಿಸಲು ಬಂದವನು ಕ್ರಮೇಣ ವ್ಯವಹಾರವನ್ನೇ ತಿರುಗಿಸುವವನಾಗುತ್ತಾನೆ. 1699ರ ಕಾರ್ಲೊವಿಟ್ಸ್ ಸಂಧಿಯಲ್ಲಿ ಸುಲ್ತಾನನ ಪರ ಮಾತುಕತೆಗೆ ಕೂತವರಲ್ಲಿ ಅಲೆಕ್ಸಾಂಡರ್ ಮಾವ್ರೊಕೊರ್ಡಾಟೊಸ್ ಎಂಬ ಗ್ರೀಕ್ ತರ್ಜುಮಾನನೂ ಇದ್ದ.

ಈ ಕುಟುಂಬಗಳು ಇಸ್ತಾಂಬುಲ್‌ನ ಫನಾರ್ ಎಂಬ ಬಡಾವಣೆಯಲ್ಲಿ, ಪೇಟ್ರಿಯಾರ್ಕನ ಮಠದ ಸುತ್ತ ನೆಲೆಸಿದ್ದವು. ಹಾಗಾಗಿ 'ಫನಾರಿಯೊಟ್‌ಗಳು'. 18ನೇ ಶತಮಾನದಲ್ಲಿ ಇವತ್ತಿನ ರುಮೇನಿಯಾದ ಎರಡು ಪ್ರಾಂತಗಳಿಗೆ ಸುಲ್ತಾನ ಇವರನ್ನೇ ರಾಜರನ್ನಾಗಿ ಕಳಿಸುತ್ತಿದ್ದ.

1821ರಲ್ಲಿ ಗ್ರೀಕರು ದಂಗೆ ಎದ್ದರು. ಇಸ್ತಾಂಬುಲ್‌ನಲ್ಲಿ ಈಸ್ಟರ್ ದಿನ ಪೇಟ್ರಿಯಾರ್ಕ್ ಐದನೇ ಗ್ರೆಗರಿಯನ್ನು ಅವನ ಮಠದ ಬಾಗಿಲಿಗೇ ನೇಣು ಹಾಕಿದರು. ದೊಡ್ಡ ತರ್ಜುಮಾನನ ತಲೆಯೂ ಹೋಯಿತು. ಸರ್ಕಾರ ತನ್ನದೇ ಅನುವಾದ ಕಚೇರಿ ತೆರೆದು ಮುಸ್ಲಿಂ ಹುಡುಗರಿಗೆ ಫ್ರೆಂಚ್ ಕಲಿಸಲು ಶುರುಮಾಡಿತು. ಫನಾರಿಯೊಟ್‌ಗಳ ಕಥೆ ಮುಗಿಯಿತು ಎಂದೇ ಎಲ್ಲರೂ ತಿಳಿದರು.

ಮುಗಿಯಲಿಲ್ಲ. 1839ರಲ್ಲಿ ಸುಲ್ತಾನ ಅಬ್ದುಲ್ ಮಜೀದ್ ಒಂದು ಫರ್ಮಾನು ಹೊರಡಿಸಿ, ಎಲ್ಲ ಧರ್ಮದ ಪ್ರಜೆಗಳ ಜೀವ, ಮಾನ, ಆಸ್ತಿಗೆ ರಕ್ಷಣೆ ಘೋಷಿಸಿದ. 1856ರಲ್ಲಿ ಇನ್ನೊಂದು ಫರ್ಮಾನು: ಸರ್ಕಾರಿ ಹುದ್ದೆಗಳು ಎಲ್ಲರಿಗೂ ತೆರೆದಿವೆ. ಈ ಸುಧಾರಣೆಗಳ ಯುಗಕ್ಕೆ 'ತಂಜಿಮಾತ್' ಎಂದು ಹೆಸರು. ಕಾರಾಥಿಯೋಡೊರಿ ಈ ಯುಗದ ಕೂಸು. 1833ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿದ. ತಂದೆ ಸ್ಟೆಫಾನೊಸ್ ಸುಲ್ತಾನನ ಖಾಸಗಿ ವೈದ್ಯ. ಪೇಟ್ರಿಯಾರ್ಕನನ್ನು ನೇಣಿಗೇರಿಸಲು ಆಜ್ಞೆ ಹೊರಟ ಅರಮನೆಯಲ್ಲೇ ಗ್ರೀಕ್ ವೈದ್ಯ ನಾಡಿ ಹಿಡಿಯುತ್ತಿದ್ದ ಎಂಬುದು ಆ ಊರಿನ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳುತ್ತದೆ. ಮಗ ಪ್ಯಾರಿಸ್ಸಿಗೆ ಹೋಗಿ ಕಾನೂನು ಓದಿ ಬಂದು ವಿದೇಶಾಂಗ ಇಲಾಖೆ ಸೇರಿದ. 1874ರಲ್ಲಿ ರೋಮ್‌ಗೆ ರಾಯಭಾರಿ. ಆಮೇಲೆ ಇಲಾಖೆಯ ಕಾರ್ಯದರ್ಶಿ.

ಮನೆ ಕುಸಿಯುತ್ತಿತ್ತು

ಸಾಮ್ರಾಜ್ಯ ಪತನವಾಗುವುದೆಂದರೆ ಒಂದು ದಿನ ಕೋಟೆ ಬೀಳುವುದಲ್ಲ. ಮೊದಲು ಹೋಗುವುದು ಲೆಕ್ಕದ ಪುಸ್ತಕ. ಆಟೋಮನ್ ಸರ್ಕಾರ ಹೊರದೇಶದಿಂದ ಮೊದಲ ಸಾಲ ಎತ್ತಿದ್ದು 1854ರಲ್ಲಿ, ಕ್ರಿಮಿಯಾ ಯುದ್ಧದ ಖರ್ಚಿಗೆ. ಆಮೇಲೆ ಅಭ್ಯಾಸವಾಯಿತು. ಹಳೆ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ. ಮದುವೆಗೆ ಕೈಸಾಲ ಮಾಡಿ, ಅದನ್ನು ತೀರಿಸಲು ಒಡವೆ ಅಡವಿಟ್ಟು, ಒಡವೆ ಬಿಡಿಸಲು ಹೊಲದ ಪತ್ರ ಕೊಟ್ಟವರನ್ನು ನಾವು ಕಂಡಿಲ್ಲವೇ, ಅದೇ ಲೆಕ್ಕ. 1875ರಲ್ಲಿ ಸರ್ಕಾರ ಬಡ್ಡಿಯಲ್ಲಿ ಅರ್ಧ ಮಾತ್ರ ಕೊಡುತ್ತೇನೆ ಎಂದು ಕೈಚೆಲ್ಲಿತು.

1876ರ ಒಂದೇ ವರ್ಷದಲ್ಲಿ ಮೂವರು ಸುಲ್ತಾನರು. ಇಬ್ಬರನ್ನು ಇಳಿಸಿ ಮೂರನೆಯವನಾಗಿ ಎರಡನೇ ಅಬ್ದುಲ್ ಹಮೀದ್ ಬಂದ. 1877ರಲ್ಲಿ ರಷ್ಯಾ ಯುದ್ಧ ಸಾರಿತು. ಬಾಲ್ಕನ್ ಕ್ರೈಸ್ತರನ್ನು ಕಾಪಾಡುವುದು ಹೇಳಿಕೊಂಡ ಕಾರಣ. ಸಮುದ್ರದ ದಾರಿ, ಪ್ರಭಾವ ಇತ್ಯಾದಿ ಹೇಳದ ಕಾರಣಗಳು. 1878ರ ಮಾರ್ಚ್ 3ರಂದು ಇಸ್ತಾಂಬುಲ್‌ನ ಹೊಸ್ತಿಲಲ್ಲಿದ್ದ ಸಾನ್ ಸ್ಟೆಫಾನೊ ಎಂಬ ಹಳ್ಳಿಯಲ್ಲಿ ಸಂಧಿಯಾಯಿತು. ಅದೆಷ್ಟು ಹತ್ತಿರ ಎಂದರೆ ಆ ಊರ ಪಕ್ಕದಲ್ಲೇ ಆಮೇಲೆ ನಗರದ ಅತಾತುರ್ಕ್ ವಿಮಾನ ನಿಲ್ದಾಣ ಬಂತು. ಸಂಧಿಯ ಪ್ರಕಾರ ಏಜಿಯನ್ ಸಮುದ್ರದವರೆಗೂ ಚಾಚಿದ ದೊಡ್ಡ ಬಲ್ಗೇರಿಯಾ ಹುಟ್ಟಬೇಕು, ಯುದ್ಧದ ಪರಿಹಾರವಾಗಿ 141 ಕೋಟಿ ರೂಬಲ್ ಕೊಡಬೇಕು. ಅದರಲ್ಲಿ 110 ಕೋಟಿಗೆ ನೆಲವನ್ನೇ ವಜಾ ಹಾಕಿಕೊಳ್ಳಲು ರಷ್ಯಾ ಒಪ್ಪಿತು. ಇಲ್ಲದವನ ಹತ್ತಿರ ಹಣ ಕೇಳುವುದು ಜಮೀನು ಬರೆಸಿಕೊಳ್ಳುವುದಕ್ಕೇ ತಾನೇ.

ಇದನ್ನು ಕಂಡು ಬ್ರಿಟನ್, ಆಸ್ಟ್ರಿಯಾ ಎರಡೂ ಬೆಚ್ಚಿದವು. ಬ್ರಿಟನ್ ಪ್ರಧಾನಿ ಡಿಸ್ರೇಲಿ ಭಾರತದಿಂದ ಸುಮಾರು ಏಳು ಸಾವಿರ ಸೈನಿಕರನ್ನು ಮೆಡಿಟರೇನಿಯನ್‌ನ ಮಾಲ್ಟಾ ದ್ವೀಪಕ್ಕೆ ಕರೆಸಿಕೊಂಡು ರಷ್ಯಾಕ್ಕೆ ಕಣ್ಣು ಕೆಂಪು ಮಾಡಿದ. ಅವರಲ್ಲಿ ಮದ್ರಾಸ್ ಸ್ಯಾಪರ್ಸ್ ತುಕಡಿಯವರೂ ಇದ್ದರು. ನಮ್ಮ ಹಲಸೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅದೇ ಪಡೆಯ ವಾರಸುದಾರ. ಕೊನೆಗೆ, ಎಲ್ಲರೂ ಬರ್ಲಿನ್‌ನಲ್ಲಿ ಕೂತು ಸಾನ್ ಸ್ಟೆಫಾನೊ ಸಂಧಿಯನ್ನು ಮತ್ತೆ ಬರೆಯುವುದೆಂದಾಯಿತು.

ಬರ್ಲಿನ್‌ನ ಆ ಒಂದು ತಿಂಗಳು

1878ರ ಜೂನ್ 13ರಿಂದ ಜುಲೈ 13. ಇಪ್ಪತ್ತು ಅಧಿವೇಶನ. ಅಧ್ಯಕ್ಷ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. ಮೈ ಸರಿಯಿಲ್ಲ, ಬೇಗ ಮುಗಿಸಿ ಕಿಸಿಂಗೆನ್‌ನ ಔಷಧಿ ನೀರಿನ ಚಿಕಿತ್ಸೆಗೆ ಹೋಗಬೇಕೆಂಬ ಅವಸರ. ಒಂದು ಕಡೆ ರಷ್ಯಾದ ಗೊರ್ಚಕೊವ್, ಶುವಾಲೊವ್. ಇನ್ನೊಂದು ಕಡೆ ಡಿಸ್ರೇಲಿ, ಸಾಲಿಸ್‌ಬರಿ. ಆಸ್ಟ್ರಿಯಾದ ಆಂಡ್ರಾಸಿ. ಫ್ರಾನ್ಸ್, ಇಟಲಿಯವರು.

ಆಟೋಮನ್ ನಿಯೋಗ ನೋಡಿ. ಮುಖ್ಯಸ್ಥ ಕಾರಾಥಿಯೋಡೊರಿ, ಗ್ರೀಕ್ ಕ್ರೈಸ್ತ. ಎರಡನೆಯವನು ಮೆಹಮದ್ ಅಲಿ ಪಾಷಾ. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹಡಗಿನಿಂದ ಇಸ್ತಾಂಬುಲ್‌ನಲ್ಲಿ ಇಳಿದು, ಮುಸ್ಲಿಮನಾಗಿ ಸೇನಾಪತಿಯಾದವನು. ಧರ್ಮ, ದೇಶ ಎರಡನ್ನೂ ಬಿಟ್ಟವನೆಂದು ಬಿಸ್ಮಾರ್ಕ್‌ಗೆ ಇವನನ್ನು ಕಂಡರಾಗದು. ಮೂರನೆಯವನು ಬರ್ಲಿನ್‌ನಲ್ಲೇ ರಾಯಭಾರಿಯಾಗಿದ್ದ ಸಾದುಲ್ಲಾ ಬೇ. ಮೂವರಲ್ಲಿ ಹುಟ್ಟು ಮುಸ್ಲಿಮನೆಂದರೆ ಇವನೊಬ್ಬನೇ.

ಬಿಸ್ಮಾರ್ಕ್ ಇವರಿಗೆ ಮೊದಲೇ ಖಡಾಖಂಡಿತ ಹೇಳಿದ್ದ: ಈ ಸಭೆ ಸೇರಿರುವುದು ಟರ್ಕಿಯ ಹಿತಕ್ಕಲ್ಲ, ಯುರೋಪಿನ ಶಾಂತಿಗೆ. ಅಂದರೆ ಆಸ್ತಿ ನಿಮ್ಮದು, ಪಾಲು ಮಾಡುವವರು ನಾವು. ಅತ್ತ ಆಪ್ತಮಿತ್ರ ಎನಿಸಿಕೊಂಡಿದ್ದ ಬ್ರಿಟನ್, ಸಮ್ಮೇಳನಕ್ಕೆ ಒಂಬತ್ತು ದಿನ ಮುಂಚೆ, ಜೂನ್ 4ರಂದೇ ಗುಟ್ಟಾಗಿ ಸುಲ್ತಾನನಿಂದ ಸೈಪ್ರಸ್ ದ್ವೀಪವನ್ನು ಬರೆಸಿಕೊಂಡಾಗಿತ್ತು. ವಕೀಲಿಕೆಗೆ ಮುಂಗಡ ಫೀಸು ಅನ್ನಬಹುದು.

ಹೀಗಿರುವಾಗ ಸೋತವನ ಪ್ರತಿನಿಧಿ ಏನು ಮಾಡಬಲ್ಲ? ಬೋಸ್ನಿಯಾದ ವಿಷಯದಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಜೂನ್ 28. ಬೋಸ್ನಿಯಾ, ಹೆರ್ಜೆಗೊವಿನಾ ಪ್ರಾಂತಗಳನ್ನು ಆಸ್ಟ್ರಿಯಾ-ಹಂಗೆರಿ ವಶಕ್ಕೆ ತೆಗೆದುಕೊಂಡು ಆಡಳಿತ ನಡೆಸಲಿ ಎಂದು ಬ್ರಿಟನ್ನಿನ ಸಾಲಿಸ್‌ಬರಿ ಸೂಚಿಸಿದ. ಮೇಜಿನ ಸುತ್ತ ಒಬ್ಬೊಬ್ಬರೇ ಹೂಂಗುಟ್ಟಿದರು. ಆಟೋಮನ್ ನಿಯೋಗ ಮಾತ್ರ ಲಿಖಿತ ಆಕ್ಷೇಪ ಓದಿತು. ಯಾರೂ ಕಿವಿಗೊಡಲಿಲ್ಲ. ಎದ್ದು ಹೊರನಡೆದರೆ? ಸಾನ್ ಸ್ಟೆಫಾನೊದ ಸಂಧಿಯೇ ಗತಿ, ಅದು ಇದಕ್ಕಿಂತ ಕೆಟ್ಟದ್ದು. ಒಪ್ಪಿದರೆ ಮನೆಗೆ ಹೋಗಿ ಸುಲ್ತಾನನಿಗೆ ಮುಖ ತೋರಿಸುವಂತಿಲ್ಲ. ಕಾರಾಥಿಯೋಡೊರಿ ಎರಡೂ ಮಾಡದೆ ದಿನ ತಳ್ಳಿದ. ಎರಡು ವಾರದ ನಂತರ, ಸಹಿಯ ದಿನವೇ, ಅಂದರೆ ಜುಲೈ 13ರಂದು, ಆಂಡ್ರಾಸಿಯಿಂದ ಒಂದು ಗುಪ್ತ ಚೀಟಿ ಬರೆಸಿಕೊಂಡ. ಬೋಸ್ನಿಯಾದ ಮೇಲೆ ಸುಲ್ತಾನನ ಒಡೆತನದ ಹಕ್ಕಿಗೆ ಚ್ಯುತಿಯಿಲ್ಲ, ಈ ಸ್ವಾಧೀನ ತಾತ್ಕಾಲಿಕ ಎಂದು ಅದರಲ್ಲಿತ್ತು. ಆ ಚೀಟಿ ಕೈಗೆ ಬಂದ ಮೇಲೆಯೇ ಸಹಿ.

ಅನುಭೋಗ ಬೇರೆ, ಮಾಲೀಕತ್ವ ಬೇರೆ ಎಂದು ನಮ್ಮ ತಾಲ್ಲೂಕು ಕಚೇರಿಯ ಸುತ್ತ ಓಡಾಡಿದವರಿಗೆ ಗೊತ್ತು. ಹೊಲದಲ್ಲಿ ಬೆಳೆ ತೆಗೆಯುವವನು ಬೇರೆಯವನಾದರೂ ಪಹಣಿಯ ಮಾಲೀಕರ ಕಾಲಂನಲ್ಲಿ ನಮ್ಮ ಹೆಸರಿದ್ದರೆ ನಾಳೆ ಕೇಳುವುದಕ್ಕೊಂದು ಬಾಯಿ ಇರುತ್ತದೆ. ಆತ ಗಳಿಸಿದ್ದು ಇಷ್ಟು. ಅಂದಿನ ಮಟ್ಟಿಗೆ ಅದು ಸಣ್ಣದಲ್ಲ ಎಂದೇ ನನಗನಿಸುತ್ತದೆ.

ಒಟ್ಟು ಲೆಕ್ಕ ಹೀಗಿದೆ. ದೊಡ್ಡ ಬಲ್ಗೇರಿಯಾ ಮೂರು ಹೋಳಾಯಿತು. ಮ್ಯಾಸಿಡೋನಿಯಾ ಸುಲ್ತಾನನಿಗೆ ಮರಳಿತು. ಪೂರ್ವ ರುಮೇಲಿಯಾ ಎಂಬ ಭಾಗ ಅವನ ಅಧೀನದಲ್ಲೇ ಸ್ವಾಯತ್ತವಾಯಿತು. ಸರ್ಬಿಯಾ, ರುಮೇನಿಯಾ, ಮಾಂಟೆನೆಗ್ರೊ ಸ್ವತಂತ್ರವಾದವು. ಕಾರ್ಸ್, ಅರ್ದಹಾನ್, ಬಾಟುಮಿ ರಷ್ಯಾಕ್ಕೆ ಹೋದವು. ಸಂಧಿಯಲ್ಲಿ 64 ಕಲಮುಗಳು. 61ನೆಯದು ಅರ್ಮೇನಿಯನ್ನರಿಗೆ ಸುಧಾರಣೆಯ ಭರವಸೆ. ಅದನ್ನು ಜಾರಿ ಮಾಡಿಸುವ ಕೈ ಮಾತ್ರ ಯಾವುದೂ ಇರಲಿಲ್ಲ. ಬರ್ಲಿನ್‌ಗೆ ಹೋಗಿ ಬರಿಗೈಲಿ ಮರಳಿದ ಅರ್ಮೇನಿಯನ್ ಧರ್ಮಗುರು ಖ್ರಿಮಿಯಾನ್ ತನ್ನ ಜನರಿಗೆ ಹೇಳಿದ ಮಾತು ಅವರಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅಲ್ಲೊಂದು ಕೊಪ್ಪರಿಗೆ ತುಂಬ ಹರೀಸ ಎಂಬ ಗಂಜಿ ಇತ್ತು, ಬೇರೆಯವರು ಕಬ್ಬಿಣದ ಸೌಟು ತಂದು ಬಡಿಸಿಕೊಂಡರು, ನನ್ನ ಕೈಯಲ್ಲಿದ್ದದ್ದು ಕಾಗದದ ಸೌಟು ಎಂಬರ್ಥದ ಮಾತು. ಕಾರಾಥಿಯೋಡೊರಿಯ ಕೈಯಲ್ಲಿದ್ದದ್ದೂ ಅದೇ. ಆತ ಕಾಗದದಲ್ಲೇ ಸ್ವಲ್ಪ ಮೊಗೆದುಕೊಂಡ, ಅಷ್ಟೇ ವ್ಯತ್ಯಾಸ.

ಅವನನ್ನೇ ಕಳಿಸಿದ್ದೇಕೆ?

ಸಮ್ಮೇಳನದ ಭಾಷೆ ಫ್ರೆಂಚ್, ವಿಷಯ ಕಾನೂನು. ಎರಡೂ ಅವನಿಗೆ ಕರತಲಾಮಲಕ. ಇದು ನೇರ ಉತ್ತರ.

ಇನ್ನೊಂದು, ಟರ್ಕಿಯಲ್ಲಿ ಕ್ರೈಸ್ತರಿಗೆ ಉಳಿಗಾಲವಿಲ್ಲ ಎಂಬುದು ರಷ್ಯಾದ ವಾದ. ಆ ವಾದದ ಎದುರಿಗೆ ಒಬ್ಬ ಕ್ರೈಸ್ತ ಮಂತ್ರಿಯನ್ನೇ ಕೂರಿಸಿದರೆ? ಅವನು ಬಾಯಿ ತೆರೆಯುವ ಮುಂಚೆಯೇ ಅರ್ಧ ಉತ್ತರ ಕೊಟ್ಟಂತಾಯಿತು.

ಮೂರನೆಯ ಕಾರಣ ಅಷ್ಟು ಅಂದವಾದದ್ದಲ್ಲ. ಹೋದವನು ಏನು ಮಾಡಿದರೂ ನೆಲ ಕಳೆದುಕೊಂಡೇ ಬರಬೇಕು. ಆ ಸಹಿಯ ಕಳಂಕ ಮುಸ್ಲಿಂ ವಜೀರನಿಗೆ ಅಂಟುವುದಕ್ಕಿಂತ ಗ್ರೀಕನಿಗೆ ಅಂಟಲಿ ಎಂಬ ಲೆಕ್ಕವೂ ಇತ್ತು ಎಂದು ಬರೆದವರಿದ್ದಾರೆ. ಕ್ರೈಸ್ತ ಮಂತ್ರಿಗೆ ಸೈನ್ಯದಲ್ಲಿ ಬಲವಿಲ್ಲ, ಮಸೀದಿಯಲ್ಲಿ ಬೆಂಬಲವಿಲ್ಲ. ಅವನಿಂದ ಸಿಂಹಾಸನಕ್ಕೆ ಅಪಾಯವಿಲ್ಲ, ಬೇಡವೆನಿಸಿದಾಗ ಕೈಬಿಡಲು ಕಷ್ಟವೂ ಇಲ್ಲ. ನಮ್ಮ ಮೈಸೂರಿನಲ್ಲಿ ನಾಲ್ವಡಿಯವರ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಇಲ್ಲಿ ನೆನಪಾಗಬಹುದು. ಅರಸ ಒಂದು ಧರ್ಮ, ದಿವಾನ ಇನ್ನೊಂದು ಎಂಬಷ್ಟಕ್ಕೆ ಹೋಲಿಕೆ ಸರಿ. ಆದರೆ ಮೈಸೂರಿನ ಗಡಿಗೆ ಶತ್ರುಸೈನ್ಯ ಬಂದು ನಿಂತಿರಲಿಲ್ಲ, ದಿವಾನರ ಧರ್ಮದವರದೇ ಒಂದು ಪಕ್ಕದ ದೇಶ ಆ ನೆಲ ನನ್ನದು ಎನ್ನುತ್ತಲೂ ಇರಲಿಲ್ಲ. ಕಾರಾಥಿಯೋಡೊರಿಗೆ ಅದೂ ಇತ್ತು. ಬರ್ಲಿನ್‌ಗೆ ಗ್ರೀಸ್ ದೇಶದ ಮಂತ್ರಿ ಬಂದು ತನಗೂ ನೆಲ ಬೇಕೆಂದು ಕೇಳಿದಾಗ, ಎದುರು ಪಕ್ಷದಲ್ಲಿ ಕೂತಿದ್ದವನು ಈ ಗ್ರೀಕನೇ.

ಟೋಪಿಯ ಪ್ರಶ್ನೆ

ಇಂಥವರ ಪಾಡು ಒಂದು ಟೋಪಿಯಲ್ಲಿ ಕಾಣುತ್ತದೆ. ಪೂರ್ವ ರುಮೇಲಿಯಾಕ್ಕೆ ಸುಲ್ತಾನ ಕಳಿಸಿದ ಮೊದಲ ಗವರ್ನರ್ ಅಲೆಕೊ ಬೊಗೊರಿಡಿ ಪಾಷಾ ಕೂಡ ಆರ್ಥೊಡಾಕ್ಸ್ ಕ್ರೈಸ್ತ, ಬಲ್ಗೇರಿಯನ್ ಮೂಲದ ಮನೆತನ. 1879ರಲ್ಲಿ ಅಧಿಕಾರ ವಹಿಸಿಕೊಳ್ಳಲು ರೈಲಿನಲ್ಲಿ ಹೊರಟ. ತಲೆಯ ಮೇಲೆ ಸುಲ್ತಾನನ ಸೇವಕರು ತೊಡುವ ಕೆಂಪು ಫೆಜ್ ಟೋಪಿ. ಫೆಜ್‌ನಲ್ಲೇ ಇಳಿದರೆ ಜನ ಕೆರಳುತ್ತಾರೆಂಬ ಸುದ್ದಿ ಬಂತು. ದಾರಿಯಲ್ಲೇ ಫೆಜ್ ತೆಗೆದು ಬಲ್ಗೇರಿಯನ್ನರ ಕಲ್ಪಾಕ್ ಹಾಕಿಕೊಂಡ. ಇಳಿದಲ್ಲಿ ಜೈಕಾರ, ಇಸ್ತಾಂಬುಲ್‌ನಲ್ಲಿ ಕೋಪ.

ಮೆಹಮದ್ ಅಲಿ ಪಾಷಾನದು ಇನ್ನೂ ಕೆಟ್ಟ ಕೊನೆ. ಬರ್ಲಿನ್ ಸಂಧಿ ಜಾರಿ ಮಾಡಲು ಅಲ್ಬೇನಿಯನ್ನರ ನಾಡಿಗೆ ಹೋದವನನ್ನು, ನಮ್ಮ ನೆಲ ಮಾರಿ ಬಂದವನೆಂದು ಸಿಟ್ಟಾಗಿದ್ದ ಗುಂಪು 1878ರ ಸೆಪ್ಟೆಂಬರ್‌ನಲ್ಲೇ ಕೊಂದುಹಾಕಿತು.

ಕಾರಾಥಿಯೋಡೊರಿ ಟೋಪಿ ಬದಲಿಸಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವನಾದ. 1879ರ ಏಪ್ರಿಲ್‌ನಲ್ಲಿ ಬೋಸ್ನಿಯಾ ಕುರಿತು ಆಸ್ಟ್ರಿಯಾದೊಂದಿಗೆ ಆದ ಒಪ್ಪಂದದಲ್ಲೂ ಅವನ ಸಹಿಯಿದೆ, ಅಲ್ಲೂ ಸುಲ್ತಾನನ ಒಡೆತನದ ಮಾತನ್ನು ಬರೆಸಿದ್ದಾನೆ. ಜುಲೈ ಹೊತ್ತಿಗೆ ವಜೀರ ಹೈರುದ್ದೀನ್ ಪಾಷಾ ಬಿದ್ದ, ಇವನೂ ಇಳಿದ.

ಎರಡು ದ್ವೀಪ, ಒಂದು ಪುಸ್ತಕ

1885ರಲ್ಲಿ ಸುಲ್ತಾನ ಅವನನ್ನು ಸಾಮೋಸ್ ದ್ವೀಪಕ್ಕೆ 'ಪ್ರಿನ್ಸ್' ಆಗಿ ಕಳಿಸಿದ. ಗ್ರೀಕರೇ ತುಂಬಿದ್ದ ಈ ದ್ವೀಪ ಸುಲ್ತಾನನಿಗೆ ಕಪ್ಪ ಕೊಡುತ್ತ, ಅವನು ಕಳಿಸುವ ಕ್ರೈಸ್ತ ಪ್ರಿನ್ಸ್‌ನ ಕೈಕೆಳಗೆ ತನ್ನ ಪಾಡಿಗೆ ತಾನಿತ್ತು. ಪೈಥಾಗೊರಸ್ ಹುಟ್ಟಿದ ಊರು. ಅಲ್ಲಿ ಸುಮಾರು ಒಂಬತ್ತು ವರ್ಷ ಕಳೆದ. ಆ ನಡುವೆ, 1891ರಲ್ಲಿ, ಇಸ್ತಾಂಬುಲ್‌ನಲ್ಲಿ ಅವನದೊಂದು ಪುಸ್ತಕ ಅಚ್ಚಾಯಿತು. ರಾಜಕೀಯದ್ದಲ್ಲ, ತ್ರಿಕೋನಮಿತಿಯದ್ದು. 13ನೇ ಶತಮಾನದ ಪರ್ಷಿಯನ್ ವಿದ್ವಾಂಸ ನಸೀರುದ್ದೀನ್ ತೂಸಿ ಅರಬ್ಬಿಯಲ್ಲಿ ಬರೆದ ಗ್ರಂಥವನ್ನು ಫ್ರೆಂಚಿಗೆ ತಂದಿದ್ದ. ತ್ರಿಕೋನಮಿತಿಯನ್ನು ಖಗೋಳಶಾಸ್ತ್ರದ ಬಾಲವಾಗಿ ಅಲ್ಲ, ತನ್ನದೇ ಕಾಲಮೇಲೆ ನಿಂತ ಶಾಸ್ತ್ರವಾಗಿ ಕಂಡ ಗ್ರಂಥ ಅದು. ಮುಸ್ಲಿಂ ಪಂಡಿತನ ಅರಬ್ಬಿಯನ್ನು ಗ್ರೀಕ್ ಪಾಷಾ ಯುರೋಪಿಗೆ ಓದಿಸಿದ. ಗಣಿತದ ಇತಿಹಾಸಕಾರರು ಆ ತರ್ಜುಮೆಯನ್ನು ಇಂದಿಗೂ ಉಲ್ಲೇಖಿಸುತ್ತಾರೆ.

1895ರಲ್ಲಿ ಕ್ರೀಟ್ ದ್ವೀಪಕ್ಕೆ ಗವರ್ನರ್ ಆಗಿ ಹೋಗುವಂತೆ ಆಜ್ಞೆ. ಅಲ್ಲಿಯ ಮುಸ್ಲಿಮರಿಗೆ ಕ್ರೈಸ್ತ ಗವರ್ನರ್ ಬೇಡ, ಕ್ರೈಸ್ತರಿಗೆ ಸುಲ್ತಾನನ ಗವರ್ನರೇ ಬೇಡ, ಅವರಿಗೆ ಗ್ರೀಸ್ ಜೊತೆ ಸೇರಬೇಕು. ವರ್ಷ ತುಂಬುವ ಹೊತ್ತಿಗೆ ಕೈಚೆಲ್ಲಿ ಬಂದ. ಕೊನೆಯ ವರ್ಷಗಳಲ್ಲಿ ಅರಮನೆಯಲ್ಲಿ ಸುಲ್ತಾನನ ಮುಖ್ಯ ತರ್ಜುಮಾನ. ಫನಾರಿಯೊಟ್‌ಗಳು ಶುರುಮಾಡಿದ ಕೆಲಸಕ್ಕೇ ಬಂದು ನಿಂತಂತಾಯಿತು. 1906ರಲ್ಲಿ ತೀರಿಕೊಂಡ.

ಎರಡು ವರ್ಷದ ನಂತರ, 1908ರ ಅಕ್ಟೋಬರ್‌ನಲ್ಲಿ, ಆಸ್ಟ್ರಿಯಾ-ಹಂಗೆರಿ ಬೋಸ್ನಿಯಾವನ್ನು ತನ್ನದೆಂದು ಘೋಷಿಸಿಕೊಂಡಿತು. 'ತಾತ್ಕಾಲಿಕ' ಎಂಬ ಆ ಚೀಟಿ ಮೂವತ್ತು ವರ್ಷ ಬಾಳಿತು. ಆ ಬೋಸ್ನಿಯಾದ ಸರಾಯೆವೊದಲ್ಲಿ 1914ರಲ್ಲಿ ಆಸ್ಟ್ರಿಯಾದ ಯುವರಾಜನನ್ನು ಗುಂಡಿಟ್ಟು ಕೊಂದರು, ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಆ ದಿನವೂ ಜೂನ್ 28.

ಕಾರಾಥಿಯೋಡೊರಿ ಪಾಷಾನ ಮಗಳು ಯೂಫ್ರೊಸಿನಿಯನ್ನು ಸಂಬಂಧದಲ್ಲೇ ಕೊಟ್ಟಿದ್ದರು. ಅಳಿಯ ಕಾನ್‌ಸ್ಟಾಂಟಿನ್ ಕಾರಾಥಿಯೋಡೊರಿ 1873ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವನು, ಆಟೋಮನ್ ರಾಯಭಾರಿಯೊಬ್ಬನ ಮಗ. ಗಣಿತದ ವಿದ್ಯಾರ್ಥಿಗಳಿಗೆ ಈ ಹೆಸರು ಗೊತ್ತಿರುತ್ತದೆ, ಅವನ ಪ್ರಮೇಯಗಳನ್ನು ಎಂಎಸ್ಸಿಯಲ್ಲಿ ಓದುತ್ತಾರೆ. ಗ್ರೀಸ್ ಸೈನ್ಯ ಸ್ಮಿರ್ನಾ ನಗರವನ್ನು ಹಿಡಿದಿದ್ದಾಗ, 1920ರಲ್ಲಿ, ಅಲ್ಲೊಂದು ಹೊಸ ವಿಶ್ವವಿದ್ಯಾಲಯ ಕಟ್ಟಲು ಗ್ರೀಸ್ ಸರ್ಕಾರ ಇವನನ್ನು ಕರೆಸಿತು. 1922ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಸೈನ್ಯ ಊರನ್ನು ಮರಳಿ ಪಡೆಯಿತು, ಊರಿಗೆ ಬೆಂಕಿ ಬಿತ್ತು. ಪಾಠ ಶುರುವಾಗದ ಆ ವಿಶ್ವವಿದ್ಯಾಲಯದ ಪುಸ್ತಕಗಳನ್ನು ಉಳಿಸಿ ಅಳಿಯ ಅಥೆನ್ಸ್‌ಗೆ ಸಾಗಿಸಿದ. ಅದೇ ನವೆಂಬರ್‌ನಲ್ಲಿ ಕೊನೆಯ ಸುಲ್ತಾನ ಬ್ರಿಟಿಷರ ಯುದ್ಧನೌಕೆ ಹತ್ತಿ ಇಸ್ತಾಂಬುಲ್ ಬಿಟ್ಟ.